ಬುಟ್ಟಿಯಡಿಯ ಮರಿ

ಒದ್ದೆ ಕಂಬಳಿಯ ವಾಸನೆ ಬಂದರೆ ಈಗಲೂ ನಾನು ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತೇನೆ.

ಅಂದು ಮಧ್ಯಾಹ್ನ ಯಗಟಿಯ ಹೊಲದಲ್ಲಿ ಅಜ್ಜಿಯೂ ನಾನೂ ಕುರಿಮರಿಗಳನ್ನು ಕಾಯುತ್ತಿದ್ದೆವು. ದೊಡ್ಡ ಕುರಿಗಳು ಮೇಯಲು ಹೋಗಿದ್ದವು, ನಾಯಿಗಳೂ ಅವುಗಳ ಹಿಂದೆಯೇ ಹೋಗಿದ್ದವು. ಎಳೆಮರಿಗಳನ್ನು ಬಿದಿರು ಬುಟ್ಟಿಗಳಡಿ ಮುಚ್ಚಿಟ್ಟಿದ್ದರು. "ಬುಟ್ಟಿ ಎತ್ಬ್ಯಾಡ ಕಣೇ," ಎಂದಿದ್ದಳು ಅಜ್ಜಿ. ಅವಳು ತೂಕಡಿಸಿದ್ದೇ ತಡ, ಒಂದನ್ನು ಎತ್ತಿ, ಒದ್ದೆ ಕಂಬಳಿಯಂತೆ ನಾರುತ್ತಿದ್ದ ಮರಿಯನ್ನು ತಬ್ಬಿಕೊಂಡೆ. ಅದು ಜಾರಿ ಬದುವಿನತ್ತ ಓಡಿತು.

ಬದುವಿನ ಹಿಂದಿನಿಂದ ತೋಳ ಎದ್ದಿತು. ಮರಿಯನ್ನು ಕಚ್ಚಿಕೊಂಡು ಅದು ನನ್ನನ್ನೇ ನೋಡಿತು. ಪಕ್ಕೆಲುಬುಗಳು ಎದ್ದುಕಾಣುತ್ತಿದ್ದವು, ಮೊಲೆಗಳು ಜೋತುಬಿದ್ದಿದ್ದವು.

ಎಚ್ಚೆತ್ತ ಅಜ್ಜಿ ಕೋಲೆತ್ತುವಷ್ಟರಲ್ಲಿ ತೋಳ ಗುಡ್ಡ ಸೇರಿತ್ತು. "ನಾಯಿ ಹೋಗ್ಲಿ ಅಂತ್ಲೇ ಕಾಯ್ತಿತ್ತು. ಅದಕ್ಕೂ ಮರಿ ಅವೆ," ಎಂದಳು. ಬೈಯಲಿಲ್ಲ.

ಸಂಜೆ ಆ ಮರಿಯ ತಾಯಿ ಬಂದು ಬುಟ್ಟಿಗಳನ್ನೆಲ್ಲ ಮೂಸಿತು. ಕೊನೆಗೆ ನನ್ನ ಕೈಗಳನ್ನು ಮೂಸುತ್ತಾ ನಿಂತುಬಿಟ್ಟಿತು.