ಕ್ವೋಲ್ಟ್ ಎಂದರೆ ಕುದುರೆಮರಿಯ ಲಾಳ

ಕೈ ಎತ್ತಿ ‘ಚಾಲೆಂಜ್’ ಅಂದರೆ ಸಾಕು, ತೆಜಿರಿ ಗೆದ್ದಂತೆ.

ಎದುರಿಗೆ ಕೂತ ಒಬ್ರೂಚೆ ಆಗಷ್ಟೇ ಸ್ಕ್ರ್ಯಾಬಲ್ ಹಲಗೆಯ ಮೇಲೆ ಅಕ್ಷರದ ಬಿಲ್ಲೆ ಜೋಡಿಸಿ ಮುಗಿಸಿದ್ದ: ಕ್ವೋಲ್ಟ್. ಅಂಥ ಪದ ಇಂಗ್ಲಿಷಿನಲ್ಲೇ ಇಲ್ಲ. ಅದು ತೆಜಿರಿಗಿಂತ ಚೆನ್ನಾಗಿ ಇನ್ಯಾರಿಗೂ ಗೊತ್ತಿಲ್ಲ, ಹುಟ್ಟಿಸಿದವನೇ ಅವನು. ಪ್ರಶ್ನಿಸಿದರೆ ಕಂಪ್ಯೂಟರಿನಲ್ಲಿ ನೋಡುತ್ತಾರೆ. ಬಿಲ್ಲೆ ವಾಪಸ್, ಅಂಕ ಸೊನ್ನೆ. ಸುಮ್ಮನಿದ್ದರೆ ಸುಳ್ಳು ಪದವೂ ಲೆಕ್ಕಕ್ಕೆ ಬರುತ್ತದೆ.

ವಾರಿ ಊರಿನ ಒಂದೇ ಕೋಣೆಯಲ್ಲಿದ್ದುಕೊಂಡು ತಯಾರಾದವರು ಇಬ್ಬರೂ. ಊಟಕ್ಕೆ ಕೂತಾಗ ಒಬ್ಬರಿಗೊಬ್ಬರು ಹೊಸ ಪದ ಹೇಳಿಕೊಡಬೇಕು, ಅದು ಅವರ ಕಟ್ಟಳೆ. ಕ್ವಾನಾಟ್ ಅಂದರೆ ನೆಲದಡಿಯ ಕಾಲುವೆ. ಝರ್ಫ್ ಅಂದರೆ ಬಿಸಿ ಕಾಫಿ ಬಟ್ಟಲಿನ ಕವಚ. ಹೊರದೇಶಕ್ಕೆ ಆಡಲು ಹೋಗುವ ನೈಜೀರಿಯಾ ತಂಡದಲ್ಲಿ ಉಳಿದಿರುವುದು ಒಂದೇ ಜಾಗ, ಅದಕ್ಕಾಗಿ ಇವರಿಬ್ಬರೇ ಆಡಬೇಕು ಎಂದು ಗೊತ್ತಾದ ದಿನ ತೆಜಿರಿಯ ಬುದ್ಧಿ ಕೆಟ್ಟಿತು.

“ಕ್ವೋಲ್ಟ್ ಅಂದ್ರೆ ಕುದುರೆಮರಿ ಲಾಳ. ಹೊಸ ಡಿಕ್ಷನರೀಲಿ ಸೇರಿಸಿದಾರೆ,” ಅಂದುಬಿಟ್ಟ.

ಒಬ್ರೂಚೆ ಎಬಾ ಮುದ್ದೆಯನ್ನು ಸಾರಿಗೆ ಅದ್ದುತ್ತಾ ತಲೆಯಾಡಿಸಿದ. “ಝುರ್ಟ್ ಅಂದ್ರೆ ಹುಳಿ ಕೆನೆ. ತಗೋ, ಇದು ನಿಂಗೆ.” ತನ್ನ ಪಾಲಿನ ಮೀನನ್ನೂ ಇವನ ತಟ್ಟೆಗೆ ಹಾಕಿದ. ತೆಜಿರಿ ಆ ಮೀನನ್ನು ತಟ್ಟೆಯಂಚಿಗೆ ಸರಿಸಿ ಬರೀ ಎಬಾ ತಿಂದ.

ಇವತ್ತು ಆಟದ ನಡುವೆ ಆ ಝುರ್ಟ್ ತೆಜಿರಿಗೇ ಒದಗಿಬಂತು. ಅದನ್ನು ಇಟ್ಟಾಗ ಒಬ್ರೂಚೆ ಹಲಗೆಯನ್ನೇ ತುಂಬ ಹೊತ್ತು ನೋಡಿದ. ಹಣೆ ಒರೆಸಿಕೊಂಡ. ಅಂಕ ಬರೆದುಕೊಂಡ. ಸೋಲುವ ಭಯ ಪಾಪ, ಅಂದುಕೊಂಡ ತೆಜಿರಿ.

“ಏನೋ, ಚಾಲೆಂಜಾ?” ಈಗ ಒಬ್ರೂಚೆ ಕೇಳಿದ.

ತಂಡ, ವಿಮಾನ, ಟಿವಿಯಲ್ಲಿ ಮಗನನ್ನು ನೋಡಲು ಕಾದಿರುವ ಅಮ್ಮ, ಎಲ್ಲ ಕಣ್ಣ ಮುಂದೆ ಬಂದುಹೋಯಿತು. ತೆಜಿರಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ.

“ಇಲ್ಲ ಗುರು. ನೀನು ಇಟ್ಮೇಲೆ ಮುಗೀತು.”

ಒಬ್ರೂಚೆ ಗೆದ್ದ. ಜನ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಗದ್ದಲ ಇಳಿದ ಮೇಲೆ ತೆಜಿರಿ ಅವನನ್ನು ಜನರೇಟರಿನ ಹಿಂದಕ್ಕೆ ಎಳೆದುಕೊಂಡು ಹೋದ.

“ನಿಂಗೆ ಮೋಸ ಮಾಡ್ಬಿಟ್ಟೆ ಕಣೋ. ಕ್ವೋಲ್ಟ್ ಅನ್ನೋ ಪದಾನೇ ಇಲ್ಲ. ನಿನ್ನ ಸೋಲ್ಸೋಕೆ ಕಟ್ಟಿದ್ದು. ಆಮೇಲೆ ಕೈ ಎತ್ತೋಕೆ ಮನಸ್ಸೇ ಬರ್ಲಿಲ್ಲ. ಬೈಯೋ, ಹೊಡಿ ಬೇಕಾದ್ರೆ.”

ಒಬ್ರೂಚೆ ಬೈಯಲಿಲ್ಲ. ಅವನ ಮುಖದ ನಗು ಇಂಗಿಹೋಯಿತು. ಅಲ್ಲಿದ್ದ ಮೆಟ್ಟಿಲ ಮೇಲೆ ಕೂತ.

“ನೀನು ಝುರ್ಟ್ ಇಟ್ಟಾಗ ನಾನ್ಯಾಕೆ ಕೈ ಎತ್ತಲಿಲ್ಲ ಅಂದ್ಕೊಂಡೆ?” ಅಂದ. “ಅದನ್ನ ಕಟ್ಟಿದ್ದು ನಾನು ಕಣೋ.”