ಕೆಂಪು ಕೆರೆ

ಕಂಪ್ಯೂಟರಿನ ಪರದೆಯಲ್ಲಿ ಕೆರೆ ಕೆಂಪಗೆ ಹುಣ್ಣೆದ್ದಂತಿತ್ತು. ಕೆಂಪಿದ್ದಷ್ಟೂ ಸೀಸ ಬೆರೆತ ಹೂಳು. ನಕ್ಷೆ ಬಿಡಿಸಿದ ನಳಿನಾಕ್ಷಿಯ ಬೆನ್ನ ಹಿಂದೆ ಸಾಹೇಬರು ಕಾದ ಕಾವಲಿಯ ಮೇಲೆ ನಿಂತವರಂತೆ ಚಡಪಡಿಸುತ್ತಿದ್ದರು.

“ನಾಳೆ ಮಂತ್ರಿಗಳು ಹೂಳು ಹಂಚ್ತಾರೆ, ನೀನು ಕೆರೆಗೆ ಓಕುಳಿ ಎರಚಿದೀಯಲ್ಲಮ್ಮ. ದಡದ ಆ ಮೂರು ಹೂಳಿನ ಮಾದರಿ ಲೆಕ್ಕದಿಂದ ತೆಗೆದುಹಾಕು.”

ತೆಗೆದಳು. ಸಾಫ್ಟ್‌ವೇರ್ ಮತ್ತೆ ಲೆಕ್ಕ ಹಾಕಿ ಕೆರೆಯನ್ನೆಲ್ಲ ಹಸಿರು ಮಾಡಿತು. ಸಾಹೇಬರು ಮಂತ್ರಿಗಳ ಗೊಗ್ಗರು ದನಿಯನ್ನು ಅಣಕಿಸಿದರು: “ರೈತ ಬಾಂಧವರೇ, ಇದು ಬಂಗಾರದಂಥ ಗೊಬ್ಬರ, ಪುಕ್ಕಟೆ ಒಯ್ಯಿರಿ.” ಮತ್ತೆ ತಮ್ಮ ದನಿಗೆ ಮರಳಿದರು: “ಹ್ಞಾ, ಈಗ ವರದಿ ಕಳಿಸಮ್ಮ.”

ಅವಳ ಬೆರಳು ಮೌಸ್ ಮೇಲೆ ತಡೆಯಿತು.

“ಕಳಿಸ್ತೀನಿ ಸಾರ್. ಮೊದಲನೇ ಲಾರಿ ಹೂಳು ನಿಮ್ಮನೆಗೇ ಹೇಳಿದೀನಿ. ಮೇಡಮ್ಮೋರು ಪಾಲಕ್ ಮಡಿಗೆ ಬೇಕು ಅಂದ್ರು.”

ಸಾಹೇಬರು ಅವಳ ಕೈ ಹಿಡಿದುಕೊಂಡರು.

“ಆ ಮೂರನ್ನೂ ವಾಪಸ್ ಹಾಕಮ್ಮ.”