ಕ್ಯಾಂಪಿನ ಬಾತ್‌ರೂಮು

"ಆಂಟಿ, ನೀವು ಮೊದ್ಲು ಹೋಗಿ" ಎಂದು ಬಾತ್‌ರೂಮಿನ ಮುಂದೆ ಕಾಯುತ್ತಿದ್ದ ಹುಡುಗಿ, ಅದು ಖಾಲಿಯಾದೊಡನೆ ಪಕ್ಕಕ್ಕೆ ಸರಿದಾಗ ಸುಗುಣಮ್ಮ ಹಿಂದೆ ತಿರುಗಿ ನೋಡಿದಳು. ಬೇರೆ ಯಾರೂ ಇರಲಿಲ್ಲ. ಅವಳು ಬಂದದ್ದು ತೊಳೆಯುವುದಕ್ಕೆ. ಕೈಯಲ್ಲಿ ಬ್ರಷ್ಷೂ ಫಿನಾಯಿಲೂ ಇದ್ದವು.

ಹುಲಿಕಲ್‌ನ ಈ ಟೆಂಟ್ ಕ್ಯಾಂಪಿನಲ್ಲಿ ಅವಳಿಗೆ ಎರಡು ವರ್ಷದಿಂದ ಕೆಲಸ. ಬಿಸಿನೀರಿನ ಬಾತ್‌ರೂಮುಗಳು ಗೆಸ್ಟ್‌ಗಳಿಗೆ ಮಾತ್ರ ಎಂದು ಮ್ಯಾನೇಜರ್ ದಿನೇಶ್ ಮೊದಲ ದಿನವೇ ಹೇಳಿದ್ದ. ಅಂದಿನಿಂದ ಅವಳು ಕಾಲಿಗೆ ಉಪ್ಪು ಸವರಿಕೊಂಡು, ರಕ್ತ ಹೀರುವ ಉಂಬಳಕ್ಕೆ ಹೆದರುತ್ತಲೇ ಹಿಂದಿನ ಕಾಡಿಗೆ ಹೋಗುತ್ತಿದ್ದಳು. ಕೆಲಸದ ಹೊತ್ತಿನಲ್ಲಿ ನೀರು ಕುಡಿಯುವುದನ್ನೇ ಬಿಟ್ಟಿದ್ದಳು.

"ನಾನು ಇಲ್ಲಿ ಕೆಲ್ಸದೋಳು ಕಣಮ್ಮ."

"ಅದಕ್ಕೇನಾಯ್ತು? ನಿಮಗೆ ಹೋಗ್ಬೇಕಾ ಬೇಡ್ವಾ?"

ಹೋಗಬೇಕಿತ್ತು. ಬೆಳಿಗ್ಗೆಯಿಂದ ತಡೆದುಕೊಂಡಿದ್ದಳು. ಬ್ರಷ್ಷನ್ನು ಗೋಡೆಗೆ ಒರಗಿಸಿ, ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ದಿನಾ ತೊಳೆಯುವ ಆ ಬಾತ್‌ರೂಮಿಗೆ ಅವಳು ಒಳಗಿನಿಂದ ಚಿಲಕ ಹಾಕಿದ್ದು ಅದೇ ಮೊದಲು.

ಸ್ವಲ್ಪ ಹೊತ್ತಿಗೆ ಯಾರೋ ಬಾಗಿಲು ಬಡಿದರು. ಹೊರಗಿದ್ದ ಬ್ರಷ್ಷು ನೋಡಿಯೇ ಒಳಗಿರುವುದು ಅವಳೆಂದು ದಿನೇಶನಿಗೆ ಗೊತ್ತಾಗಿತ್ತು.

"ಸುಗುಣಕ್ಕಾ, ಒಳಗೆ ಎಂತ ಮಾಡ್ತಿದೀರಿ? ಗೆಸ್ಟ್ ಕಾಯ್ತಿದಾರೆ!"

ಸುಗುಣಮ್ಮ ಗಡಿಬಿಡಿಯಿಂದ ಏಳಲಿಲ್ಲ.

"ಒಳಗೆ ಜನ ಇದಾರೆ, ತಡೀರಿ" ಎಂದಳು.